ತಿತಿಕ್ಷೆಯೂ ಒಳಅಂಗಿಯೂ

ಮನುಷ್ಯನು ಬಟ್ಟೆಯನ್ನು ಉಡುವುದಕ್ಕೆ ಮೂರು ಕಾರಣಗಳನ್ನು ಹೇಳುವುದುಂಟು: ಮಾನರಕ್ಷಣೆ, ಅಲಂಕಾರ, ದೇಹರಕ್ಷಣೆ. ಮೊದಲಿನ ಎರಡನ್ನು ಕುರಿತು ಕವಿಗಳೂ ಧರ್ಮಶಾಸ್ತ್ರಕಾರರೂ ಬೇಕಾದಷ್ಟು ಹೇಳಿದ್ದಾರೆ. ಮೂರನೆಯದನ್ನು ಕುರಿತು ಹೇಳಿರುವುದು ಸ್ವಲ್ಪ. ಚಳಿಯಾದಾಗ ಹೊದೆಯುವುದು ಹಸಿವಾದಾಗ ಉಣ್ಣುವಷ್ಟೇ ಸಹಜ. ಅದರಲ್ಲಿ ವಿಚಾರಮಾಡತಕ್ಕ ಧರ್ಮಸೂಕ್ಷ್ಮವೇನಿದೆ ಎಂದು ಲೋಕದ ತಿಳಿವಳಿಕೆ. ಆದರೆ ಅಲ್ಪವೆಂದು ಕಡೆಗಣಿಸಿದ ವಿಷಯಗಳಲ್ಲಿಯೇ ಕೆಲವು ವೇಳೆ ದೊಡ್ಡ ಪ್ರಶ್ನೆಗಳು ಅಡಗಿರುತ್ತವೆ. ಮಾಗಿಯ ಚಳಿಯಲ್ಲಿ ಮೋಟಾರು ಸೈಕಲ್ಲನ್ನೇರಿ ದೂರ ಹೋಗಬೇಕಾದವನು ತನ್ನ ಹೊರಗಿನ ಕೋಟಿನ ಒಳಗೆ, ಮೈಗೆ ತಗುಲಿದಂತೆ, ಯಾವ ಅಂಗಿಯನ್ನು ತೊಟ್ಟುಕೊಳ್ಳಬೇಕು ಎಂಬುದು ಅಂತಹ ಒಂದು ವಿಷಯ. ಇದು ದರ್ಜಿಯ ಪ್ರಶ್ನೆ, ಹೆಚ್ಚೆಂದರೆ ವೈದ್ಯನ ಪ್ರಶ್ನೆ, ಎಂದು ಮೊದಲು ತೋರಬಹುದು. ಸ್ವಲ್ಪ ಪರ್ಯಾಲೋಚಿಸಿದರೆ, ಸಹನೆಯೆಂಬ ಗುಣದ ಎಲ್ಲೆ ಯಾವುದು, ಒಬ್ಬನು ಸಹಿಸಿದ ಕಷ್ಟದ ಬೆಲೆಯನ್ನು ಮತ್ತೊಬ್ಬನು ತೆರುವಂತಾದರೆ ಅದು ಸಹನೆಯೆ, ಪರರ ಕಣ್ಣಿಗೆ ಬೀಳದ ಕರ್ತವ್ಯಕ್ಕೆ ಸಾಕ್ಷಿ ಯಾರು ಎಂಬ ಪ್ರಶ್ನೆಗಳು ಇದರಿಂದಲೇ ಒಂದರ ಹಿಂದೊಂದು ಏಳುತ್ತವೆ.

ಸವಾರರಲ್ಲಿ ಅನೇಕರು ಈ ವಿಷಯಕ್ಕೆ ಕೊಡುವ ಉತ್ತರ ಬಲು ಚಿಕ್ಕದು: ‘ಇಷ್ಟು ಚಳಿಗೆ ಹೆದರಿದರೆ ಆದೀತೆ?’ ಹೀಗೆ ಹೇಳುವವರ ವೇಷವನ್ನು ನೋಡಿದರೆ, ಹೊರಗೆ ಚರ್ಮದ ಭಾರಿ ಕೋಟು, ಎತ್ತರದ ಬೂಟು, ಥಳಥಳಿಸುವ ಹೆಲ್ಮೆಟ್ಟು. ಒಳಗೆ ಬೇಸಗೆಗೂ ಚಳಿಗಾಲಕ್ಕೂ ಒಂದೇ ಆದ ತೆಳುವಾದ ಹತ್ತಿಯ ಬನಿಯನ್ನು. ಕಾಣುವುದಕ್ಕೆ ಸಾವಿರಾರು ರೂಪಾಯಿಗಳನ್ನು ಸುರಿದವನು ಕಾಣದುದಕ್ಕೆ ನೂರು ರೂಪಾಯಿ ಕೊಡುವಾಗ ಹಿಂದೆಮುಂದೆ ನೋಡುತ್ತಾನೆ. ಇದನ್ನು ಬರಿಯ ಡಂಭವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಲ್ಲ. ಅವನ ಮಾತಿನ ಹಿಂದೆ ಹಳೆಯದೂ ಗೌರವಸ್ಥವೂ ಆದ ಒಂದು ಭಾವನೆಯುಂಟು. ಚಳಿಯನ್ನು ಸಹಿಸುವುದು ಆತ್ಮಬಲದ ಗುರುತು ಎಂಬುದೇ ಆ ಭಾವನೆ. ಮೊದಲು ಅದನ್ನು ಪರೀಕ್ಷಿಸಬೇಕು.

ಶೀತೋಷ್ಣಗಳಿಗೆ ಅಲುಗದಿರುವುದನ್ನು ಭಗವದ್ಗೀತೆ ತನ್ನ ಎರಡನೆಯ ಅಧ್ಯಾಯದಲ್ಲಿಯೇ ಉಪದೇಶಿಸುತ್ತದೆ. ವೇದಾಂತಿಗಳು ತಿತಿಕ್ಷೆಯನ್ನು ಶಮದಮಾದಿ ಆರು ಸಂಪತ್ತುಗಳಲ್ಲಿ ಎಣಿಸಿದರು. ಬಂದ ಕಷ್ಟಕ್ಕೆ ಪ್ರತೀಕಾರವನ್ನು ಹುಡುಕದೆಯೂ ಅದಕ್ಕಾಗಿ ಕೊರಗದೆಯೂ ಇರುವುದೇ ಅದರ ಲಕ್ಷಣವೆಂದು ವಿವೇಕಚೂಡಾಮಣಿ ಹೇಳುತ್ತದೆ. ಕಾಳಿದಾಸನ ಕುಮಾರಸಂಭವದಲ್ಲಿ ಪಾರ್ವತಿಯು ಪುಷ್ಯಮಾಸದ ಕೊರೆಯುವ ರಾತ್ರಿಗಳನ್ನು ನೀರಿನಲ್ಲಿ ನಿಂತು ಕಳೆಯುವಳು. ಗ್ರೀಸ್ ದೇಶದಲ್ಲಿ ಸಾಕ್ರೆಟೀಸನು ಪೊಟಿಡಿಯಾದ ದಂಡಯಾತ್ರೆಯಲ್ಲಿ ಬರಿಗಾಲಿನಲ್ಲಿ ಹೆಪ್ಪುಗಟ್ಟಿದ ನೆಲದ ಮೇಲೆ ನಡೆದನೆಂದು ಪ್ಲೇಟೋ ತನ್ನ ‘ಸಿಂಪೋಸಿಯಂ’ ಗ್ರಂಥದಲ್ಲಿ ಆಲ್ಸಿಬಯಾಡೀಸನ ಬಾಯಿಂದ ಹೇಳಿಸಿದ್ದಾನೆ. ಇಷ್ಟು ದೊಡ್ಡವರ ಸಾಕ್ಷ್ಯ ಒಂದು ಕಡೆಗೆ ಇರುವಾಗ, ಉಣ್ಣೆಯ ಒಳಅಂಗಿಯನ್ನು ಹುಡುಕಿಕೊಂಡು ಅಂಗಡಿಗೆ ಹೋಗುವವನು ಸ್ವಲ್ಪ ಅಳುಕಿದರೆ ಆಶ್ಚರ್ಯವಿಲ್ಲ. ಚಳಿಗೆ ಪ್ರತೀಕಾರವನ್ನು ಹುಡುಕುವುದೇ ತಿತಿಕ್ಷೆಗೆ ಭಂಗವಲ್ಲವೆ?

ಆದರೆ ಈ ಮೂರು ನಿದರ್ಶನಗಳಿಗೂ ಸಮಾನವಾದ ಒಂದು ಅಂಶವುಂಟು. ಇವುಗಳಲ್ಲಿ ಚಳಿಯನ್ನು ಸಹಿಸಿದವರು ಅದರ ಬೆಲೆಯನ್ನೂ ತಾವೇ ಕೊಟ್ಟರು. ಪಾರ್ವತಿಯ ದೇಹ ಬಳಲಿದರೆ ಬಳಲಿದುದು ಆಕೆಯ ದೇಹ. ಅಲ್ಲಿಯೂ ವಟುವೇಷದಿಂದ ಬಂದ ಶಿವನು, ಧರ್ಮವನ್ನು ನಡೆಸಲು ಶರೀರವೇ ಮೊದಲು ಬೇಕಾದುದನ್ನು ಮರೆಯಬೇಡವೆಂದು ಎಚ್ಚರಿಸದೆ ಬಿಡಲಿಲ್ಲ. ಸಾಕ್ರೆಟೀಸನ ಕಾಲು ಮರಗಟ್ಟಿದ್ದರೆ ಎಡವುತ್ತಿದ್ದವನು ಸಾಕ್ರೆಟೀಸನೇ. ಇನ್ನು ಸರ್ವಸಂಗ ಪರಿತ್ಯಾಗಮಾಡಿದ ಸಂನ್ಯಾಸಿಯ ಕೈಯಲ್ಲಿ ದಂಡಕಮಂಡಲುಗಳಲ್ಲದೆ ಬೇರೆ ಏನೂ ಇಲ್ಲ. ಮೋಟಾರು ಸೈಕಲ್ಲಿನ ಸವಾರನ ಸ್ಥಿತಿ ಹಾಗಲ್ಲ. ಅವನೂ ಅವನ ಗಾಡಿಯೂ ಸೇರಿ ಇನ್ನೂರು ಕಿಲೋಗ್ರಾಮಿಗೂ ಮೀರಿದ ಭಾರ, ಗಂಟೆಗೆ ಅರುವತ್ತು ಎಂಬತ್ತು ಕಿಲೋಮೀಟರಿನ ವೇಗದಿಂದ, ಎಲ್ಲರೂ ನಡೆಯುವ ದಾರಿಯಲ್ಲಿ ಹೋಗುತ್ತದೆ. ಹಿಂದೆ ಹೆಂಡತಿಯೋ ಮಗುವೋ ಕುಳಿತಿರಬಹುದು. ಮುಂದೆ ಶಾಲೆಗೆ ಹೊರಟ ಹುಡುಗನು ದಾರಿಯನ್ನು ದಾಟುತ್ತಿರಬಹುದು. ಇವರೆಲ್ಲರ ಕ್ಷೇಮ ಅವನ ಬಲಗೈಯ ನಾಲ್ಕು ಬೆರಳುಗಳಲ್ಲಿದೆ. ಆ ಬೆರಳುಗಳು ಅವನವು. ಆದರೆ ಗಾಡಿ ಓಡುತ್ತಿರುವಷ್ಟು ಹೊತ್ತು ಅವನೊಬ್ಬನ ಸ್ವತ್ತಲ್ಲ.

ಈ ಮಾತು ಅತಿಶಯೋಕ್ತಿಯೆಂದು ತೋರದಿರಬೇಕಾದರೆ ಚಳಿಗಾಳಿಯ ಕೆಲಸವನ್ನು ಸ್ವಲ್ಪ ತಿಳಿಯಬೇಕು. 1940ರ ಸುಮಾರಿನಲ್ಲಿ ಪಾಲ್ ಸೈಪಲ್, ಚಾರ್ಲ್ಸ್ ಪ್ಯಾಸೆಲ್ ಎಂಬಿಬ್ಬರು ಅಂಟಾರ್ಕ್ಟಿಕದಲ್ಲಿ ನೀರು ತುಂಬಿದ ಕೊಳವೆಗಳನ್ನು ಗಾಳಿಗೆ ತೂಗುಹಾಕಿ, ನೀರು ಹೆಪ್ಪುಗಟ್ಟುವುದಕ್ಕೆ ಎಷ್ಟು ಹೊತ್ತು ಹಿಡಿಯುವುದೆಂದು ಅಳೆದರು. ಗಾಳಿಯ ವೇಗ ಹೆಚ್ಚಿದಂತೆ ಶಾಖ ಬೇಗ ಹೊರಟುಹೋಗುವುದು ಲೆಕ್ಕಕ್ಕೆ ಸಿಕ್ಕಿತು. ಆ ಲೆಕ್ಕವನ್ನು ತಿದ್ದಿ ಅಮೆರಿಕವೂ ಕೆನಡಾವೂ 2001ರಲ್ಲಿ ಒಂದು ಹೊಸ ಸೂತ್ರವನ್ನು ಅಂಗೀಕರಿಸಿದುವು. ಅದರ ಪ್ರಕಾರ, ಉಷ್ಣಮಾನ 5 ಡಿಗ್ರಿ ಸೆಲ್ಸಿಯಸ್ ಇರುವಾಗ ಗಂಟೆಗೆ 80 ಕಿಲೋಮೀಟರಿನ ಗಾಳಿ ಬೀಸಿದರೆ, ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ ಸುಮಾರು 3 ಡಿಗ್ರಿ ಕೆಳಗಿನ ಚಳಿಯಂತೆ ತಗುಲುತ್ತದೆ. ದೆಹಲಿಯ ಸುತ್ತಿನ ಬಯಲಿನಲ್ಲಿ ಜನವರಿಯ ಬೆಳಗಿನ ಜಾವ ಇಷ್ಟು ಚಳಿ ಅಪರೂಪವಲ್ಲ. ಕರ್ನಾಟಕದಲ್ಲಿಯೂ ಬೀದರ, ವಿಜಯಪುರಗಳ ಕಡೆಗೆ ಮಾಗಿಯಲ್ಲಿ ಉಷ್ಣಮಾನ 10 ಡಿಗ್ರಿಗೆ ಇಳಿಯುವುದುಂಟು. ಆಗ 60 ಕಿಲೋಮೀಟರು ವೇಗದಲ್ಲಿ ಹೋಗುವವನ ಮುಖಕ್ಕೆ ಅದು 5 ಡಿಗ್ರಿಯಂತೆಯೇ. ನಡೆದು ಹೋಗುವವನು ಬೀಸುವ ಗಾಳಿಯನ್ನು ಮಾತ್ರ ಎದುರಿಸುತ್ತಾನೆ. ಸವಾರನಾದರೋ ತನ್ನ ವೇಗದಿಂದ ತಾನೇ ಒಂದು ಬಿರುಗಾಳಿಯನ್ನು ಹುಟ್ಟಿಸಿಕೊಂಡು ಅದರೊಳಗೆ ಅಲುಗಾಡದೆ ಕುಳಿತಿರುತ್ತಾನೆ.

ದೇಹವು ಇದನ್ನು ಹೇಗೆ ಎದುರಿಸುತ್ತದೆ? ಮುಂಡಭಾಗದ ಶಾಖ ಕಡಿಮೆಯಾಗತೊಡಗಿದೊಡನೆ ಕೈಕಾಲುಗಳ ತುದಿಯಲ್ಲಿರುವ ರಕ್ತನಾಳಗಳು ಕುಗ್ಗುತ್ತವೆ. ಎದೆಯನ್ನೂ ಹೊಟ್ಟೆಯೊಳಗಿನ ಅಂಗಗಳನ್ನೂ ಕಾಯುವುದಕ್ಕಾಗಿ ದೇಹವು ಬೆರಳುಗಳನ್ನು ಬಿಟ್ಟುಕೊಡುತ್ತದೆ. ಮುತ್ತಿಗೆಗೆ ಸಿಕ್ಕಿದ ಅರಸನು ಹೊರಪೇಟೆಯನ್ನು ತೊರೆದು ಕೋಟೆಯನ್ನು ಉಳಿಸಿಕೊಂಡಂತೆ. ಬೆರಳಿನ ಚರ್ಮ ಸುಮಾರು 15 ಡಿಗ್ರಿಗಿಂತ ತಣ್ಣಗಾದರೆ ಅದರ ಚುರುಕು ತಗ್ಗುತ್ತದೆ. ಇನ್ನೂ ತಣ್ಣಗಾದರೆ ಸ್ಪರ್ಶಜ್ಞಾನವೇ ಹೋಗುತ್ತದೆ. ಗಂಟೆಗೆ 80 ಕಿಲೋಮೀಟರಿನ ವೇಗವೆಂದರೆ ಸೆಕೆಂಡಿಗೆ 22 ಮೀಟರು. ಸೆಟೆದ ಬೆರಳು ಬ್ರೇಕಿನ ಹಿಡಿಯನ್ನು ಒತ್ತುವುದಕ್ಕೆ ಅರ್ಧ ಸೆಕೆಂಡು ತಡಮಾಡಿದರೆ ಗಾಡಿ 11 ಮೀಟರು ಮುಂದೆ ಹೋಗಿರುತ್ತದೆ. ಊರೊಳಗಿನ ಎಷ್ಟೋ ಬೀದಿಗಳ ಅಗಲ ಅಷ್ಟಿಲ್ಲ.

ಇದಕ್ಕಿಂತಲೂ ವಿಚಾರಾರ್ಹವಾದುದು ಮತ್ತೊಂದಿದೆ. ಚಳಿ ಮೊದಲು ನೋಯಿಸುತ್ತದೆ. ಕೈ ಮರಗಟ್ಟಿದ ಮೇಲೆ ನೋವು ಕಡಿಮೆಯಾಗುತ್ತದೆ. ಆಗ ಸವಾರನು ‘ಈಗ ಅಭ್ಯಾಸವಾಯಿತು’ ಎಂದುಕೊಳ್ಳುತ್ತಾನೆ. ವಾಸ್ತವವಾಗಿ ಅಭ್ಯಾಸವಾದುದು ಏನೂ ಇಲ್ಲ. ಅಪಾಯವನ್ನು ತಿಳಿಸತಕ್ಕ ದೂತನು ಬಾಯಿ ಮುಚ್ಚಿದ್ದಾನೆ, ಅಷ್ಟೇ. ಮೈಯೆಲ್ಲ ಇನ್ನೂ ತಣ್ಣಗಾದರೆ ಬುದ್ಧಿಯೂ ಮಂಕಾಗಿ, ತಾನು ಮಂಕಾಗಿರುವೆನೆಂಬ ಅರಿವೂ ಹೋಗುತ್ತದೆ. ತಿತಿಕ್ಷೆಯೆಂದರೆ ಕಷ್ಟವನ್ನು ಅರಿತು ಸಹಿಸುವುದು. ಅರಿವೇ ಹೋದ ಮೇಲೆ ಉಳಿಯುವುದು ಜಡತೆ. ಕಲ್ಲು ಚಳಿಯನ್ನು ಸಹಿಸುತ್ತದೆಂದು ಯಾರೂ ಹೊಗಳುವುದಿಲ್ಲ. ಮರಗಟ್ಟಿದ ಕೈಯನ್ನು ಗಟ್ಟಿಯಾದ ಮನಸ್ಸೆಂದು ಭ್ರಮಿಸುವುದೇ ಇಲ್ಲಿನ ಮೂಲದೋಷ. ಸಾಧಕನ ತಿತಿಕ್ಷೆಗೂ ಸವಾರನ ಹಟಕ್ಕೂ ಇರುವ ವ್ಯತ್ಯಾಸ ಇದರಿಂದ ಸ್ಪಷ್ಟವಾಗುತ್ತದೆ.

ಹಾಗಾದರೆ ದಪ್ಪನೆಯ ಕೈಗವಸನ್ನು ಹಾಕಿಕೊಂಡರೆ ಸಾಲದೆ ಎಂದು ಕೇಳಬಹುದು. ಕೈಗವಸು ಬೇಕು, ಆದರೆ ಅದು ಶಾಖವನ್ನು ಕಾಯುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ಬೆರಳಿಗೆ ಶಾಖ ಬರುವುದು ರಕ್ತದಿಂದ; ರಕ್ತವನ್ನು ಅಲ್ಲಿಗೆ ಬಿಡಬೇಕೆ ಬಾರದೆ ಎಂಬುದು ತೀರ್ಮಾನವಾಗುವುದು ಮುಂಡಭಾಗದ ಸ್ಥಿತಿಯಿಂದ. ಎದೆ ಬೆಚ್ಚಗಿದ್ದರೆ ಬೆರಳೂ ಬೆಚ್ಚಗಿರುವ ಸಂಭವ ಹೆಚ್ಚು. ಎಂದಮೇಲೆ ಬ್ರೇಕಿನ ಮೇಲಿನ ಕೈಯನ್ನು ಕಾಯುವುದರಲ್ಲಿ, ಯಾರಿಗೂ ಕಾಣದೆ ಎದೆಗೆ ಅಂಟಿಕೊಂಡಿರುವ ಅಂಗಿಗೂ ದೊಡ್ಡ ಪಾಲಿದೆ. ಅದನ್ನು ವಿವೇಚಿಸಿ ಆರಿಸುವುದು ದೇಹಲಾಲನೆಯಲ್ಲ.

ಆರಿಸುವುದು ಹೇಗೆ? ಮೊದಲು ತಿಳಿಯತಕ್ಕ ಸಂಗತಿ, ಯಾವ ಬಟ್ಟೆಯೂ ತಾನಾಗಿ ಬಿಸಿಯಲ್ಲ ಎಂಬುದು. ಬಟ್ಟೆಯ ಎಳೆಗಳ ನಡುವೆ ಸಿಕ್ಕಿ ನಿಶ್ಚಲವಾಗಿ ನಿಂತ ಗಾಳಿಯೇ ಶಾಖವನ್ನು ಕಾಯುವುದು. ನಾರ್ವೆ ದೇಶದ ಸೇನಾಧಿಕಾರಿ ಹೆನ್ರಿಕ್ ಬ್ರೂನ್ ಎಂಬವನು 1933ರಲ್ಲಿ ಮೀನಿನ ಬಲೆಯಿಂದಲೇ ಒಂದು ಒಳಅಂಗಿಯನ್ನು ಮಾಡಿ ತೊಟ್ಟನು. ತೂತುಗಳೇ ಹೆಚ್ಚಾಗಿರುವ ಅಂಗಿ ಚಳಿಗೆ ತಡೆಯೆಂದರೆ ನಗೆ ಬರಬಹುದು. ಆದರೆ ಮೇಲೆ ಇನ್ನೊಂದು ಅಂಗಿಯನ್ನು ತೊಟ್ಟರೆ ಪ್ರತಿಯೊಂದು ತೂತಿನಲ್ಲಿಯೂ ಗಾಳಿ ನಿಂತು ಕಾವಲಾಗುತ್ತದೆ. ಚಳ್ಳಕೆರೆಯ ಕಂಬಳಿಯನ್ನು ಹೊದ್ದು ಬಯಲಿನಲ್ಲಿ ರಾತ್ರಿ ಕಳೆಯುವ ಕುರುಬನಿಗೆ ಈ ತತ್ತ್ವ ಹೆಸರಿಲ್ಲದೆಯೇ ಗೊತ್ತು. ಆ ಕಂಬಳಿಯ ಎಳೆ ಒರಟು. ಬರಿ ಮೈಗೆ ಚುಚ್ಚುತ್ತದೆ. ಸುಮಾರು 30 ಮೈಕ್ರಾನಿಗಿಂತ ದಪ್ಪವಾದ ಉಣ್ಣೆಯ ಎಳೆ ಚರ್ಮಕ್ಕೆ ಸಹ್ಯವಲ್ಲ. ಆದುದರಿಂದ ಕಂಬಳಿ ಹೊರಗಿನ ಹೊದಿಕೆಯಾಗಿಯೇ ಉಳಿಯಿತು. ಮೆರಿನೊ ಜಾತಿಯ ಕುರಿಯ ಉಣ್ಣೆ 20 ಮೈಕ್ರಾನಿನ ಆಚೀಚೆ ಇರುವುದರಿಂದ ಅದು ಮೈಗೆ ತಗುಲುವ ಅಂಗಿಗೆ ಒದಗಿತು.

ಎರಡನೆಯ ಸಂಗತಿ, ಶತ್ರು ಯಾವಾಗಲೂ ಹೊರಗಿನಿಂದಲೇ ಬರುವುದಿಲ್ಲ ಎಂಬುದು. ಹೊರಡುವಾಗ ಮನೆಯೊಳಗೆ ಎಲ್ಲ ಬಟ್ಟೆಯನ್ನೂ ತೊಟ್ಟು, ಸಾಮಾನು ಕಟ್ಟಿ, ಗಾಡಿಯನ್ನು ತಳ್ಳಿ ಹೊರಗೆ ತಂದವನು ಬೆವರಿರುತ್ತಾನೆ. ಆ ಬೆವರು ಹತ್ತಿಯ ಬನಿಯನಿಗೆ ಇಳಿಯುತ್ತದೆ. ಹತ್ತಿ ನೀರನ್ನು ಚೆನ್ನಾಗಿ ಕುಡಿಯುತ್ತದೆ, ಬೇಗ ಬಿಡುವುದಿಲ್ಲ. ನಿಶ್ಚಲವಾದ ಗಾಳಿಗಿಂತ ನೀರು ಸುಮಾರು 25 ಪಾಲು ಹೆಚ್ಚಾಗಿ ಶಾಖವನ್ನು ಸಾಗಿಸುತ್ತದೆ. ಆದಕಾರಣ ಒದ್ದೆಯಾದ ಬನಿಯನ್ನು ಕೋಟಿನೊಳಗೆ ತಾನೇ ಒಂದು ತಣ್ಣೀರ ಪಟ್ಟಿಯಾಗುತ್ತದೆ. ಬೇಸಗೆಯಲ್ಲಿ ದೇಹವನ್ನು ತಂಪುಮಾಡಿ ಕಾಯ್ದ ಗುಣವೇ ಮಾಗಿಯಲ್ಲಿ ದ್ರೋಹಮಾಡುತ್ತದೆ. ಇದು ಹತ್ತಿಯ ದೋಷವಲ್ಲ. ಕಾಲದೇಶಗಳನ್ನು ನೋಡದೆ ಅದನ್ನು ತೊಟ್ಟವನ ದೋಷ.

ಉಣ್ಣೆಯೇ ಸರ್ವಶ್ರೇಷ್ಠವೆಂದು ಇಲ್ಲಿಯೇ ತೀರ್ಪು ಕೊಡುವುದು ಸುಲಭ. ಅಂತಹ ತೀರ್ಪನ್ನು ಒಬ್ಬನು ಕೊಟ್ಟೂ ಇದ್ದನು. 1880ರ ಸುಮಾರಿಗೆ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿದ್ದ ಗುಸ್ಟಾವ್ ಯೇಗರ್ ಎಂಬ ಪ್ರಾಣಿಶಾಸ್ತ್ರಜ್ಞನು, ಮನುಷ್ಯನು ಮೈಗೆ ಸೋಕಿದಂತೆ ಪ್ರಾಣಿಗಳ ರೋಮವನ್ನೇ ತೊಡಬೇಕು, ಹತ್ತಿ ನಾರುಗಳಂತಹ ಸಸ್ಯಜನ್ಯ ವಸ್ತುಗಳು ಆರೋಗ್ಯಕ್ಕೆ ಹಾನಿ, ಎಂದು ಒಂದು ಮತವನ್ನೇ ಸ್ಥಾಪಿಸಿದನು. 1884ರಲ್ಲಿ ಲಂಡನ್ನಿನಲ್ಲಿ ಅವನ ಹೆಸರಿನ ಅಂಗಡಿ ತೆರೆಯಿತು. ನಾಟಕಕಾರ ಬರ್ನಾರ್ಡ್ ಷಾ ಆ ಉಣ್ಣೆಯ ಉಡುಪನ್ನು ತೊಟ್ಟು ತಿರುಗಿದನು. ಯೇಗರನ ಮಾತಿನಲ್ಲಿ ಅರ್ಧ ಸತ್ಯವಿತ್ತು. ಉಣ್ಣೆಯ ಎಳೆ ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲು ತೇವವನ್ನು ಒಳಗೆ ಎಳೆದುಕೊಂಡರೂ ಮೈಗೆ ಒದ್ದೆಯೆನಿಸುವುದಿಲ್ಲ. ಆದರೆ ಚಳಿನಾಡಿನ ಒಂದು ಉಪಯುಕ್ತ ಅನುಭವವನ್ನು ಅವನು ಸರ್ವದೇಶ ಸರ್ವಕಾಲಗಳ ವಿಧಿಯನ್ನಾಗಿ ಮಾಡಿದನು. ಚಳಿಯನ್ನು ಹಟದಿಂದ ಸಹಿಸುವವನಂತೆಯೇ ಉಣ್ಣೆಯನ್ನು ಹಟದಿಂದ ತೊಡುವವನೂ ಎದುರಿಗಿರುವ ವಸ್ತುಸ್ಥಿತಿಯನ್ನು ನೋಡುವುದನ್ನು ಬಿಟ್ಟಿರುತ್ತಾನೆ.

ವಸ್ತುಸ್ಥಿತಿ ಇಷ್ಟು: ಪಾಲಿಯೆಸ್ಟರಿನಂತಹ ಕೃತಕ ನೂಲು ತೇವವನ್ನು ಎಳೆಯೊಳಗೆ ಬಹುಮಟ್ಟಿಗೆ ಸೇರಿಸುವುದಿಲ್ಲ, ಬೆವರನ್ನು ಹೊರಪದರಕ್ಕೆ ಹರಿಯಬಿಟ್ಟು ಬೇಗ ಒಣಗುತ್ತದೆ, ಬೆಲೆ ಕಡಿಮೆ, ಬಾಳಿಕೆ ಹೆಚ್ಚು. ಆದರೆ ಬೇಗ ನಾರುತ್ತದೆ; ಸವಾರನು ಉರುಳಿ ಬಿದ್ದು ಹೊರಗಿನ ಕೋಟು ಹರಿದರೆ ರಸ್ತೆಯ ಉಜ್ಜಿಗೆ ಕರಗಿ ಚರ್ಮಕ್ಕೆ ಅಂಟುವ ಅಪಾಯವೂ ಉಂಟು. ಉಣ್ಣೆ ಕರಗುವುದಿಲ್ಲ, ಕರಿಕಾಗುತ್ತದೆ. ಹಲವು ದಿನ ತೊಟ್ಟರೂ ಅಷ್ಟಾಗಿ ನಾರುವುದಿಲ್ಲ. ಆದರೆ ಬೆಲೆ ಹೆಚ್ಚು, ಒಣಗುವುದು ನಿಧಾನ, ನುಸಿ ತಿನ್ನುತ್ತದೆ. ರೇಷ್ಮೆ ತೆಳುವಾಗಿದ್ದು ಬೆಚ್ಚಗಿರುತ್ತದೆ, ಕೋಟಿನೊಳಗೆ ಜಾಗ ಹಿಡಿಯುವುದಿಲ್ಲ; ಆದರೆ ದಿನನಿತ್ಯದ ಎಳೆದಾಟವನ್ನು ತಾಳುವುದು ಕಡಿಮೆ. ಅಳತೆಯ ವಿಷಯವೂ ಅಷ್ಟೇ ಮುಖ್ಯ. ಒಳಅಂಗಿ ಮೈಗೆ ಅಂಟಿರಬೇಕು, ಬಿಗಿಯಬಾರದು. ಬಿಗಿದರೆ ರಕ್ತಸಂಚಾರಕ್ಕೆ ತಡೆ, ಸಡಿಲವಾದರೆ ಗಾಳಿ ಒಳಗೆ ಸುಳಿಯುತ್ತದೆ. ಸವಾರನು ಮುಂದಕ್ಕೆ ಕೈಚಾಚಿ ಕುಳಿತಾಗ ಸೊಂಟದ ಹಿಂಭಾಗದಲ್ಲಿಯೂ ಮಣಿಕಟ್ಟಿನಲ್ಲಿಯೂ ಅಂಗಿ ಸರಿದು ಮೈ ಬರಿದಾಗುವುದರಿಂದ ಬೆನ್ನೂ ತೋಳೂ ಉದ್ದವಿರಬೇಕು. ಅಂಗಡಿಯಲ್ಲಿ ನಿಂತು ಅಳತೆ ನೋಡಿದರೆ ಸಾಲದು. ಕುಳಿತು, ಬಾಗಿ, ಕೈಚಾಚಿ ನೋಡಬೇಕು.

ಪರ್ವತವನ್ನು ಹತ್ತುವವರ ಉಡುಪನ್ನೇ ಸವಾರನೂ ಅನುಕರಿಸುವುದು ಇನ್ನೊಂದು ಪ್ರಮಾದ. ಹತ್ತುವವನ ದೇಹ ದುಡಿಯುತ್ತಿರುತ್ತದೆ. ಅವನಿಗೆ ಬೆವರನ್ನು ಕಳೆಯುವುದೇ ಮೊದಲ ಚಿಂತೆ. ಕುಳಿತಿರುವ ಸವಾರನ ದೇಹ ಹುಟ್ಟಿಸುವ ಶಾಖ ಬಹಳ ಸ್ವಲ್ಪ. ಅವನಿಗೆ ಇರುವ ಶಾಖವನ್ನು ಉಳಿಸಿಕೊಳ್ಳುವ ಚಿಂತೆ. ಆದುದರಿಂದ ಹತ್ತುವವನಿಗೆ ಚದರ ಮೀಟರಿಗೆ 150 ಗ್ರಾಂ ತೂಗುವ ತೆಳು ಉಣ್ಣೆ ಸಾಕಾದ ಕಡೆ ಸವಾರನಿಗೆ 250 ಗ್ರಾಂ ತೂಗುವುದು ಬೇಕಾದೀತು. ಮೇಲಿನ ಕೋಟನ್ನು ಗಾಡಿಯ ಬಳಿಗೆ ಬಂದ ಮೇಲೆ ತೊಡುವುದು, ಚೀಲದಲ್ಲಿ ಒಣಗಿದ ಒಳಅಂಗಿಯನ್ನು ಇನ್ನೊಂದು ಇಟ್ಟುಕೊಳ್ಳುವುದು, ಇವು ಹಣ ಬೇಡುವ ಉಪಾಯಗಳಲ್ಲ. ಎತ್ತರದ ಕಣಿವೆಗಳಿಂದ ಇಳಿಯುವ ಸೈಕಲ್ ಪಂದ್ಯಗಾರರು ಅಂಗಿಯೊಳಗೆ ಹಳೆಯ ವೃತ್ತಪತ್ರಿಕೆಯನ್ನು ತುರುಕಿಕೊಂಡು ಎದೆಗೆ ಗಾಳಿ ತಗುಲದಂತೆ ಮಾಡಿಕೊಳ್ಳುತ್ತಿದ್ದರು. ವಿವೇಕವಿದ್ದವನಿಗೆ ಬಡತನದಲ್ಲಿಯೂ ಸ್ವಲ್ಪ ದಾರಿ ಇರುತ್ತದೆ.

ಆರಿಸುವುದರಲ್ಲಿ ಇನ್ನೊಂದು ಧರ್ಮಸಂಕಟವನ್ನೂ ಮರೆಮಾಚಬಾರದು. ಮೆರಿನೊ ಕುರಿಗಳಿಗೆ ನೊಣದ ಹುಳು ಹತ್ತದಿರಲೆಂದು ಮರಿಗಳ ಹಿಂಭಾಗದ ಚರ್ಮವನ್ನು ಕತ್ತರಿಸಿ ತೆಗೆಯುವ ಪದ್ಧತಿ ಆಸ್ಟ್ರೇಲಿಯಾದಲ್ಲಿ ಬೆಳೆದು ಬಂದಿತು. ನ್ಯೂಜಿಲೆಂಡ್ ಅದನ್ನು 2018ರಲ್ಲಿ ನಿಷೇಧಿಸಿತು. ಕೃತಕ ನೂಲಿನ ಬಟ್ಟೆಯಾದರೋ ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಎಳೆಗಳನ್ನು ನೀರಿಗೆ ಬಿಡುತ್ತದೆ; ಅವು ಹೊಳೆಗೂ ಕಡಲಿಗೂ ಸೇರುತ್ತವೆ. ಯಾರಿಗೂ ಎಳ್ಳಷ್ಟೂ ನೋವಾಗದ ಅಂಗಿ ಲೋಕದಲ್ಲಿ ದೊರೆಯದು. ಹಾಗೆಂದು ವಿವೇಚನೆ ವ್ಯರ್ಥವಲ್ಲ. ಮರಿಗಳನ್ನು ಹಾಗೆ ಕತ್ತರಿಸದೆ ತೆಗೆದ ಉಣ್ಣೆಯೆಂದು ವಿಚಾರಿಸಿ ಕೊಳ್ಳುವುದೂ, ಕೊಂಡುದನ್ನು ಜೋಪಾನಮಾಡಿ ಹತ್ತು ಚಳಿಗಾಲ ತೊಡುವುದೂ ಸಾಧ್ಯ. ಪ್ರತಿ ವರ್ಷ ಹೊಸದನ್ನು ಕೊಳ್ಳುವ ಚಾಪಲ್ಯಕ್ಕೆ ಚಳಿ ನೆಪವಾಗಬಾರದು.

ಈಗ ಸಾಕ್ಷಿಯ ಪ್ರಶ್ನೆ. ಭಾರತದ 1988ರ ಮೋಟಾರು ವಾಹನಗಳ ಕಾಯಿದೆಯ 129ನೆಯ ವಿಧಿ ಸವಾರನು ಹೆಲ್ಮೆಟ್ಟು ಧರಿಸಬೇಕೆಂದು ಹೇಳುತ್ತದೆ. ಅದನ್ನು ಪೋಲೀಸಿನವನು ದೂರದಿಂದಲೇ ನೋಡಬಹುದು, ತಪ್ಪಿದವನಿಗೆ ದಂಡ ಹಾಕಬಹುದು. ಕೋಟಿನೊಳಗಿನ ಅಂಗಿ ಒದ್ದೆಯೋ ಒಣಗಿದುದೋ ಎಂದು ಯಾವ ಕಾಯಿದೆಯೂ ನೋಡಲಾರದು. ನೋಡಬೇಕೆಂದು ಬಯಸುವುದೂ ಸರಿಯಲ್ಲ. ಕಾಯಿದೆಯ ಕಣ್ಣು ಎಲ್ಲಿಗೆ ನಿಲ್ಲುವುದೋ ಅಲ್ಲಿಂದ ಮುಂದೆ ಮನಸ್ಸಾಕ್ಷಿಯ ಎಲ್ಲೆ. ಗೃಹಸ್ಥನು ಮನೆಯವರ ಮುಂದೆ ಹೇಗಿರುವನೆಂಬುದರಿಂದಲೂ, ವ್ಯಾಪಾರಿಯು ತಕ್ಕಡಿಯ ಕೆಳಗೆ ಏನನ್ನು ಇಟ್ಟಿರುವನೆಂಬುದರಿಂದಲೂ ಅವರ ಯೋಗ್ಯತೆ ತಿಳಿಯುವಂತೆ, ಯಾರೂ ಕಾಣದ ಒಳಉಡುಪಿನ ವಿಷಯದಲ್ಲಿ ಸವಾರನು ತೋರುವ ಎಚ್ಚರದಿಂದ ಅವನು ದಾರಿಯ ಜನಕ್ಕೆ ಕೊಡುವ ಬೆಲೆ ತಿಳಿಯುತ್ತದೆ. ಹೊಗಳಿಕೆ ದೊರೆಯದ ಕಡೆ ಮಾಡಿದ ಕರ್ತವ್ಯಕ್ಕೆ ಬೇರೆ ಕಲಬೆರಕೆ ಇರುವುದಿಲ್ಲ.

ಇಷ್ಟು ಹೊತ್ತು ನಡೆದ ವಿಚಾರವೆಲ್ಲ ಆರಿಸಿಕೊಳ್ಳುವ ಶಕ್ತಿಯುಳ್ಳವನನ್ನು ಕುರಿತದ್ದು. ಅಂತಹವರಿಗೆ ಒಳ್ಳೆಯ ನಿದರ್ಶನವೂ ಉಂಟು. ಯೇಗರನಿದ್ದ ಸ್ಟುಟ್‌ಗಾರ್ಟಿನ ಬಳಿಯ ಸಾಲಿಟ್ಯೂಡ್ ಎಂಬಲ್ಲಿ 1956ರ ಚಳಿಗಾಲದಲ್ಲಿ ಅರ್ನ್‌ಸ್ಟ್ ಲೆವರ್ಕೂಸ್ ಎಂಬ ಪತ್ರಿಕಾ ಬರಹಗಾರನ ಕರೆಯ ಮೇರೆಗೆ ಕೆಲವು ಸವಾರರು ಸೇರಿದರು. ಅವರ ಗಾಡಿ ಜುಂಡಾಪ್ ಕಂಪನಿಯ ಕೆ.ಎಸ್. 601; ಜನ ಅದನ್ನು ‘ಹಸುರು ಆನೆ’ ಎಂದು ಕರೆಯುತ್ತಿದ್ದುದರಿಂದ ಅದು ಆನೆಗಳ ಕೂಟವೆನಿಸಿತು. ಮುಂದೆ ಎಲ್ಲ ಬಗೆಯ ಗಾಡಿಗಳೂ ಬಂದುವು. 1989ರಿಂದ ಬವೇರಿಯಾದ ಕಾಡುಸೀಮೆಯಲ್ಲಿ ಅದು ಸೇರತೊಡಗಿತು. ಹಿಮದಲ್ಲಿ ಡೇರೆ ಹಾಕಿ, ಹುಲ್ಲಿನ ಮೇಲೆ ಮಲಗಿ, ಆ ಜನ ಚಳಿಯನ್ನು ತಾವಾಗಿ ಅರಸಿಕೊಂಡು ಹೋಗುತ್ತಾರೆ. ಅವರು ಚಳಿಯನ್ನು ಪ್ರೀತಿಸುವುದೇನೋ ನಿಜ, ಆದರೆ ಅಲಕ್ಷ್ಯಮಾಡುವುದಿಲ್ಲ. ಪದರದ ಮೇಲೆ ಪದರವಾಗಿ ಸಿದ್ಧರಾಗಿ ಹೊರಡುತ್ತಾರೆ. ಚಳಿಯೊಡನೆ ನಿಜವಾಗಿ ಪರಿಚಯವಿರುವವನ ಮಾತಿನಲ್ಲಿ ಅದರ ವಿಷಯದ ಉಡಾಫೆ ಇರುವುದಿಲ್ಲ.

ಆದರೆ ಚಳಿಯನ್ನು ಆರಿಸಿಕೊಳ್ಳದೆಯೇ ಅದರಲ್ಲಿ ಹೋಗಬೇಕಾದವರು ಇನ್ನೊಂದು ಬಗೆಯ ಜನ. ದೆಹಲಿಯ ಸುತ್ತಿನ ಹಳ್ಳಿಗಳಿಂದ ಎರಡು ಕಡೆಗೂ ಹಾಲಿನ ಕ್ಯಾನುಗಳನ್ನು ತೂಗುಹಾಕಿಕೊಂಡು ಮಂಜಿನಲ್ಲಿ ನಗರಕ್ಕೆ ಬರುವ ಹಾಲಿನವನು. ರಾತ್ರಿ ಹನ್ನೊಂದಕ್ಕೆ ಯಾರದೋ ಮನೆಯ ಬಾಗಿಲಿಗೆ ಬಿಸಿಯೂಟವನ್ನು ಮುಟ್ಟಿಸುವ ಹುಡುಗನು. ಇವರಿಗೆ ತಿತಿಕ್ಷೆಯ ಉಪದೇಶವನ್ನಾಗಲಿ, ಉಣ್ಣೆಯ ಗುಣವರ್ಣನೆಯನ್ನಾಗಲಿ ಮಾಡುವುದು ಅಪಹಾಸ್ಯ. ಒಂದು ಒಳ್ಳೆಯ ಉಣ್ಣೆಯ ಒಳಅಂಗಿಗೆ ಇವರ ಹಲವು ದಿನಗಳ ದುಡಿಮೆ ಬೇಕು. ಇವರ ಬೆರಳು ಮರಗಟ್ಟಿ ಅನಾಹುತವಾದರೆ ಹೊಣೆ ಯಾರದು? ಸಹನೆಯ ಬೆಲೆಯನ್ನು ಸಹಿಸಿದವನೇ ತೆರಬೇಕೆಂಬುದು ಮೇಲೆ ಕಂಡ ನಿಯಮ. ಅದರ ಇನ್ನೊಂದು ಮುಖವೂ ಇದೆ: ಒಬ್ಬನ ಕಷ್ಟದಿಂದ ಸುಖಪಡುವವನು ಆ ಕಷ್ಟದ ಪರಿಹಾರದಲ್ಲಿ ಪಾಲುಗಾರನಾಗಬೇಕು. ಕೆಲಸಕ್ಕೆ ಕಳುಹಿಸುವ ಯಜಮಾನನೂ, ಬೆಚ್ಚಗೆ ಕುಳಿತು ತರಿಸಿಕೊಳ್ಳುವ ಗೃಹಸ್ಥನೂ ಇದರಿಂದ ತಪ್ಪಿಸಿಕೊಳ್ಳಲಾರರು. ಇಂತಹ ದುಡಿಮೆಗಾರರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕವು 2025ರಲ್ಲಿ ಒಂದು ಕಾಯಿದೆಯನ್ನು ಮಾಡಿತು. ಕಾಯಿದೆ ಬೇಕು, ಆದರೆ ಹತ್ತು ನಿಮಿಷ ತಡವಾದುದಕ್ಕೆ ಬಾಗಿಲಲ್ಲಿ ಗದರದಿರುವುದು, ಮಂಜು ಕವಿದ ದಿನ ತರಿಸುವುದನ್ನೇ ಬಿಡುವುದು, ಮನೆಗೆ ನಿತ್ಯ ಬರುವವನಿಗೆ ಮಾಗಿಯ ಮೊದಲಿನಲ್ಲಿ ಒಂದು ಬೆಚ್ಚನೆಯ ಅಂಗಿಯನ್ನು ಕೊಡುವುದು, ಇವು ಕಾಯಿದೆಯ ಅಪ್ಪಣೆಗೆ ಕಾಯತಕ್ಕ ಕೆಲಸಗಳಲ್ಲ. ಹಬ್ಬಕ್ಕೆ ಕೊಡುವ ಬಟ್ಟೆ ನಾಲ್ಕು ಜನಕ್ಕೆ ಕಾಣುತ್ತದೆ. ಇದು ಕಾಣುವುದಿಲ್ಲ, ಆದರೆ ದಾರಿಯುದ್ದಕ್ಕೂ ಕೆಲಸಮಾಡುತ್ತದೆ.

ಕೊನೆಯದಾಗಿ ಒಂದು ಆಕ್ಷೇಪವುಳಿಯುತ್ತದೆ. ಇಷ್ಟೆಲ್ಲ ರಕ್ಷಣೆಯಿಂದ ಮನುಷ್ಯನು ಮೆತ್ತಗಾಗುವುದಿಲ್ಲವೆ? ಅಥವಾ ಇದಕ್ಕೆ ವಿರುದ್ಧವಾಗಿ, ಒಳ್ಳೆಯ ಅಂಗಿಯ ಭರವಸೆಯಿಂದ ಹೋಗಬಾರದ ಹೊತ್ತಿನಲ್ಲಿಯೂ ಹೊರಡುವ ದುಸ್ಸಾಹಸ ಬೆಳೆಯುವುದಿಲ್ಲವೆ? ಎರಡೂ ಸಾಧ್ಯ. ಎಷ್ಟು ಒಳ್ಳೆಯ ಒಳಅಂಗಿಯೂ ಕುಳಿತ ದೇಹದ ಶಾಖ ಸೋರುವುದನ್ನು ನಿಧಾನಗೊಳಿಸುತ್ತದೆ, ನಿಲ್ಲಿಸುವುದಿಲ್ಲ. ಗಂಟೆಗೊಮ್ಮೆ ಇಳಿದು ನಡೆದಾಡಿ ಕೈಯುಜ್ಜಿಕೊಳ್ಳದವನಿಗೆ ಮೆರಿನೊ ಉಣ್ಣೆಯೂ ಆಗಿಬರುವುದಿಲ್ಲ. ಗೀತೆಯೇ ತನ್ನ ಆರನೆಯ ಅಧ್ಯಾಯದಲ್ಲಿ, ಅತಿಯಾಗಿ ಉಣ್ಣುವವನಿಗೂ ಏನೂ ಉಣ್ಣದವನಿಗೂ ಯೋಗವು ದೂರವೆಂದು ಮಿತವನ್ನು ವಿಧಿಸಿರುವುದನ್ನು ಇಲ್ಲಿ ನೆನೆಯಬಹುದು. ತಿತಿಕ್ಷೆಯನ್ನು ಎತ್ತಿಹಿಡಿದ ಗ್ರಂಥವೇ ಮಿತವನ್ನೂ ಹೇಳಿದೆ. ಒಂದನ್ನು ಹಿಡಿದು ಮತ್ತೊಂದನ್ನು ಬಿಡುವುದು ಓದಿದವನ ದೋಷ.

ಹಾಗಾದರೆ ಸವಾರನ ಪಾಲಿಗೆ ತಿತಿಕ್ಷೆಗೆ ಎಡೆಯೇ ಇಲ್ಲವೆ? ಬೇಕಾದಷ್ಟು ಇದೆ. ಒಳಅಂಗಿ ತೊಟ್ಟುದಕ್ಕೆ ಜೊತೆಗಾರರು ಮಾಡುವ ಹಾಸ್ಯವನ್ನು ಸಹಿಸುವುದು. ಚೆಂದದ ಕೋಟನ್ನು ಈ ವರ್ಷ ಬಿಟ್ಟು ಆ ಹಣವನ್ನು ಕಾಣದ ಬಟ್ಟೆಗೆ ಹಾಕುವುದು. ಬೆರಳು ಜೋಮುಹಿಡಿಯುವ ಮೊದಲೇ, ಊರು ಇನ್ನು ಎರಡೇ ಹರದಾರಿಯೆಂಬ ಆತುರವನ್ನು ತಡೆದು, ಗಾಡಿಯನ್ನು ನಿಲ್ಲಿಸುವುದು. ಚಹದ ಅಂಗಡಿಯ ಒಲೆಯ ಬಳಿ ಕೈ ಕಾಯಿಸಿಕೊಳ್ಳುತ್ತ, ತನ್ನನ್ನು ದಾಟಿಹೋದವರ ಸದ್ದನ್ನು ಕೇಳಿಯೂ ಇನ್ನೂ ಸ್ವಲ್ಪ ಹೊತ್ತು ಅಲ್ಲಿಯೇ ಕುಳಿತಿರುವುದು. ಇವೆಲ್ಲ ಸಹನೆಯ ಕೆಲಸಗಳೇ. ಇವುಗಳ ಬೆಲೆಯನ್ನು ತೆರುವವನು ಸವಾರನೊಬ್ಬನೇ. ಇವುಗಳಿಂದ ಕ್ಷೇಮಪಡೆಯುವವರು ದಾರಿಯಲ್ಲಿ ಹೋಗುವ ಎಲ್ಲರೂ.